ನಿಂತಲ್ಲೇ ನಡೆಯಲು ಕಲಿತ ತುತ್ತೂರಿ

ನಾನೊಂದು ಹಿತ್ತಾಳೆಯ ತುತ್ತೂರಿ. ಮೀರತ್ತಿನ ಇಕ್ಕಟ್ಟಾದ ಗಲ್ಲಿಯೊಂದರಲ್ಲಿ, ಬರೀ ತಗಡಾಗಿದ್ದ ನನ್ನನ್ನು ಬೆಂಕಿಗೆ ಹಿಡಿದು, ಬಡಿದು, ಬಗ್ಗಿಸಿ ಈ ರೂಪಕ್ಕೆ ತಂದರು. ಬಾಯಿ ಬಂತು, ದನಿ ಬರಲಿಲ್ಲ. ದನಿ ಇನ್ನೊಬ್ಬರ ಎದೆಯಿಂದ ಬರಬೇಕು ಅಂತ ಆಗ ನನಗೇನು ಗೊತ್ತು?

ಆ ಎದೆ ಬೆಳಗಾವಿ ಕಡೆಯ ದುಂಡಪ್ಪನದು. ಸೈನ್ಯದ ಬ್ಯಾಂಡಿನಲ್ಲಿ ಅವನು ನನ್ನನ್ನು ಮೊದಲ ಸಲ ಊದಿದಾಗ, ಎದುರಿನ ಹಿಮದ ಬೆಟ್ಟ ಆ ದನಿಯನ್ನು ನನಗೇ ತಿರುಗಿ ಕೊಟ್ಟಿತು. ಇದು ನಾನೇನಾ? ನಂಬಲಾಗಲಿಲ್ಲ. ತ್ರಿವರ್ಣ ಹೊದ್ದ ಶವಪೆಟ್ಟಿಗೆಗಳ ಮುಂದೆ ನಡೆಯುತ್ತಲೂ ಊದಿದ್ದೇವೆ. ಆಗ ಮೈದಾನದ ತುಂಬ ಜನ ಕಲ್ಲಿನಂತೆ ನಿಲ್ಲುತ್ತಿದ್ದರು. ದುಂಡಪ್ಪನ ತುಟಿ ನಡುಗುತ್ತಿದ್ದದ್ದು ನನಗಷ್ಟೇ ಗೊತ್ತು. ಅಲ್ಲಿ ಒಂದು ಕಟ್ಟಳೆಯಿತ್ತು: ಹೆಜ್ಜೆ ಎತ್ತಿದ ಮೇಲೆ ಬ್ಯಾಂಡಿನವನು ಹಿಂದೆ ತಿರುಗಿ ನೋಡುವ ಹಾಗಿಲ್ಲ.

ಇಬ್ಬರಿಗೂ ಒಂದೇ ವರ್ಷ ನಿವೃತ್ತಿ. ಹಳೆಯ ಸಾಮಾನಿನ ಹರಾಜಿನಲ್ಲಿ ಅವನೇ ನನ್ನನ್ನು ಕೊಂಡು ಊರಿಗೆ ತಂದ. ಕಾವಲುಗಾರನ ಕೆಲಸ ಸಿಗುತ್ತಿತ್ತು. "ಗೇಟ್ ಕಾಯೂದು ಒಲ್ಲೆ. ಊದೂದು ಬಿಟ್ರ ನಾ ಉಳಿಯಂಗಿಲ್ಲ" ಎಂದು ಹೆಂಡತಿ ಗಂಗವ್ವನಿಗೆ ಹೇಳಿ, ದಸ್ತಗೀರ್ ಮಾಸ್ತರರ ಮದುವೆ ಬ್ಯಾಂಡಿಗೆ ಸೇರಿದ.

ಮೊದಲ ಮೆರವಣಿಗೆ. ದುಂಡಪ್ಪ ಎದೆಯುಬ್ಬಿಸಿ ನಡೆದ. ಉಳಿದ ಬ್ಯಾಂಡಿನವರು ಏದುಸಿರು ಬಿಡುತ್ತ ಅವನ ಹಿಂದೆ ಓಡಿದರು. ಕಲ್ಯಾಣ ಮಂಟಪದ ಬಾಗಿಲಲ್ಲಿ ಹೆಣ್ಣಿನವರು ಆರತಿ ತಟ್ಟೆ ಹಿಡಿದು ನಿಂತಿದ್ದರು. ಮದುಮಗನ ಕುದುರೆ ಮಾತ್ರ ಇನ್ನೂ ಹಿಂದಿನ ಓಣಿಯಲ್ಲಿ!

"ಏನ್ರೀ ಫೌಜಿ, ಮದುಮಗನ್ನ ಬಿಟ್ಟು ಲಡಾಯಿಗೆ ಹೊಂಟಿದ್ರೇನು?" ಬೀಗರೊಬ್ಬರು ಕೇಳಿದರು. ಎಲ್ಲರೂ ನಕ್ಕರು. ದಸ್ತಗೀರ್ ಮಾಸ್ತರರು ನಗಲಿಲ್ಲ.

"ಮಂದಿ ಕುಣಿಯೂಮುಂದ ನಾವು ನಿಂದರಬೇಕ್ರಿ ದುಂಡಪ್ಪಾರ. ಇನ್ನೊಮ್ಮೆ ಹಿಂಗಾತಂದ್ರ ನಿಮ್ಮ ದಾರಿ ನಿಮಗ."

"ಕಾಲು ನಡದ್ರಷ್ಟ ನನಗ ಉಸುರು ಬರ್ತೈತ್ರಿ, ಮಾಸ್ತರ. ನಿಂತು ಊದಾಕ ಗೊತ್ತಿಲ್ಲ."

ಮುಂದಿನ ಮದುವೆಯಲ್ಲಿ ಅವನ ಉಸಿರು ಅಂಜುತ್ತ ನನ್ನೊಳಗೆ ಬಂತು. ಸ್ವಲ್ಪ ದೂರವೂ ಹೋಗಿರಲಿಲ್ಲ, ಮದುಮಗನ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಮ್ಮೆದುರೇ ಕುಣಿಯತೊಡಗಿದಳು. ದುಂಡಪ್ಪ ನಿಂತ. ದನಿ ಒಡೆಯಿತು. ಮಾಸ್ತರರು ತಿರುಗಿ ದಿಟ್ಟಿಸಿದರು. ಆಗ ಪರೇಡಿನ ಹಳೆಯ ಹುಕುಂ ಅವನ ಕಾಲಿಗೇ ನೆನಪಾಯಿತೇನೋ: ಕದಮ್ ತಾಲ್! ಮುಂದಿನ ತುಕಡಿ ನಿಂತಾಗ ಹಿಂದಿನವರು ನಿಂತಲ್ಲೇ ಹೆಜ್ಜೆ ಹಾಕುವ ಕ್ರಮ ಅದು. ದುಂಡಪ್ಪ ನಿಂತಲ್ಲೇ ನಡೆಯತೊಡಗಿದ. ಎಡ, ಬಲ, ಎಡ, ಬಲ. ನನ್ನೊಳಗೆ ಉಸಿರು ಹೊಳೆಯಂತೆ ನುಗ್ಗಿತು.

"ಈ ಫೌಜಿನೂ ಕುಣ್ಯಾಕ ಹತ್ಯಾನ ನೋಡ್ರೇ!" ಅಜ್ಜಿ ಕೂಗಿದಳು. ಡೋಲಿನವರೂ ಅವನಂತೆಯೇ ಕಾಲೆತ್ತಿದರು. ಮಾಸ್ತರರು ಮೀಸೆಯಲ್ಲೇ ನಕ್ಕು, "ನಾಳೆ ಲಗೂನ ಬರ್ರಿ" ಎಂದರು.

ಈಗ ನನ್ನ ಕಂಠ ನೆಗ್ಗಿದೆ, ಬೆರಳೊತ್ತುವ ಗುಂಡಿಗಳು ಕಚ್ಚಿಕೊಂಡಿವೆ. ಮಾಸ್ತರರ ಬ್ಯಾಂಡ್ ಅಂಗಡಿಯ ಮೊಳೆಗೆ ತೂಗುಬಿದ್ದಿದ್ದೇನೆ. ಜನರನ್ನು ಕಲ್ಲಾಗಿಸಿದ್ದ ಉಸಿರೇ ಮುದುಕಿಯೊಬ್ಬಳನ್ನು ಕುಣಿಸಿತಲ್ಲ, ಆ ಬೆರಗು ನನ್ನಿಂದ ಇನ್ನೂ ಇಳಿದಿಲ್ಲ.

ದುಂಡಪ್ಪ ಹೊಸ ತುತ್ತೂರಿ ಹಿಡಿದು ಮದುವೆಗೆ ಹೊರಡುತ್ತಾನೆ. ಹೊಸ್ತಿಲು ದಾಟುವ ಮೊದಲು, ಒಮ್ಮೆ, ನನ್ನತ್ತ ತಿರುಗಿ ನೋಡುತ್ತಾನೆ.