ತಿರುವಿ ಹಚ್ಚಿದ ಪೆಟ್ಟಿಗೆ

ಇಂಡಿ ಬಸ್‌ಸ್ಟ್ಯಾಂಡಿನ ಎದುರು ಟಿವಿ, ಟೇಪು, ಮೋಟಾರು ರಿಪೇರಿ ಮಾಡುವ ಜೈನುದ್ದೀನನಿಗೆ ಒಂದು ಚಾಳಿ ಇತ್ತು. ಯಾವ ಕೆಲಸವನ್ನೂ ಎದುರಿಗೆ ಕೂತು ಮಾಡುವ ಆಸಾಮಿಯಲ್ಲ. ಟಿವಿ ಬಂದರೆ ಬೋರಲು ಹಾಕಬೇಕು, ಮೋಟಾರು ಬಂದರೆ ಅದರಡಿ ಅಂಗಾತ ಮಲಗಬೇಕು. ಹಾಗೆ ಮಲಗಿದಾಗ ಮೇಲಿನದು ಕೆಳಗಾಗುತ್ತದೆ ಎಂಬ ಖಬರು ಮನುಷ್ಯನಿಗೆ ಬೇಡವೇ? ಎರಡು ವರ್ಷದ ಹಿಂದೆ ಆ ಖಬರು ತಪ್ಪಿದ್ದಕ್ಕೆ ಅವನ ಜೀವದ ಗೆಳೆಯ ಚಂದ್ರಾಮ ಬಲಗೈಯ ನಾಲ್ಕು ಬೆರಳು ಕಳೆದುಕೊಂಡಿದ್ದ.

ಚಂದ್ರಾಮ ಹಲಸಂಗಿಯವನು. ಬಸಂತರಾಯರ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಇಪ್ಪತ್ತಾರು ವರ್ಷ ಮೊಳೆ ಜೋಡಿಸಿದವನು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ, ತಲೆಕೆಳಗಾಗಿ ನಿಲ್ಲಿಸಿ, ಒಂದು ಸಾಲು ಮುಗಿದರೆ ಮುಂದಿನ ಸಾಲನ್ನು ಅದರ ಮೇಲ್ಗಡೆ, ತನ್ನಿಂದ ಆಚೆಗೆ ಕಟ್ಟುವ ಕೆಲಸ ಅದು. ಸಿಂದಗಿಯ ಶಾಲೆಗಳ ಪ್ರಶ್ನೆಪತ್ರಿಕೆಯಿಂದ ತಾಂಬಾದ ಲಗ್ನಪತ್ರಿಕೆಯವರೆಗೆ ಅವನ ಕೈ ದಾಟಿದ್ದರಲ್ಲಿ ತಪ್ಪು ಹುಡುಕಲು ಯಾರೂ ಹೋಗುತ್ತಿರಲಿಲ್ಲ.

ಕಾಲಿನಿಂದ ತುಳಿಯುವ ಅಚ್ಚಿನ ಮಷಿನ್ನಿಗೆ ಬಸಂತರಾಯರು ಮೋಟಾರು ಕೂಡಿಸಬೇಕೆಂದಾಗ ಬಂದವನು ಜೈನುದ್ದೀನನೇ. ಮಷಿನ್ನಿನಡಿ ಮಲಗಿ, ಅದರ ಕಾಲಿಗೆ ಜಡಿದ ಹಲಗೆಗೆ ಚಾಲೂ-ಬಂದ್ ಗುಂಡಿಗಳ ಸ್ಟಾರ್ಟರ್ ಪೆಟ್ಟಿಗೆ ಹಚ್ಚಿದ. ಮಲಗಿದವನ ಕಣ್ಣಿಗೆ ಅದು ನೆಟ್ಟಗೇ ಇತ್ತು. ಅಲ್ಲಿಂದಲೇ ಚಾಲೂ ಮಾಡಿ, "ನಡೀಲಿ" ಎಂದು ಹೇಳಿ ಕೈ ತೊಳೆಯಲು ಹೊರಗೆ ಹೋದ. ಆರನೆಯ ಹಾಳೆ ಸೊಟ್ಟಗೆ ಕೂತಿತು. ಚಂದ್ರಾಮ ಬಲಗೈಯಿಂದ ಹಾಳೆ ಹಿಡಿದು, ಎಡಗೈಯಿಂದ ನೋಡದೆಯೇ ಕೆಳಗಿನ ಗುಂಡಿ ಒತ್ತಿದ. ಊರ ಹಿಟ್ಟಿನ ಗಿರಣಿಯಲ್ಲಿ, ಹೊಲದ ಪಂಪಿನಲ್ಲಿ ಎಲ್ಲೆಲ್ಲೂ ಕೆಳಗಿನದೇ ಕೆಂಪು, ಅದೇ ಬಂದ್ ಮಾಡುವುದು. ಇಲ್ಲಿ ಕೆಳಗಿದ್ದದ್ದು ಹಸಿರು. ಮಷಿನ್ನು ನಿಲ್ಲಲಿಲ್ಲ.

ಎಲ್ಲರೂ ಚಂದ್ರಾಮನನ್ನು ಎತ್ತಿಕೊಂಡು ದವಾಖಾನೆಗೆ ಓಡಿದರು. ಜೈನುದ್ದೀನ ಮಾತ್ರ ಹಿಂದೆ ಉಳಿದ. ಉಳಿದು ಏನು ಮಾಡಿದ? ಸ್ಕ್ರೂ ಬಿಚ್ಚಿ, ಪೆಟ್ಟಿಗೆಯನ್ನು ತಿರುವಿ ನೆಟ್ಟಗೆ ಹಚ್ಚಿದ. ಆಮೇಲೆ ಬಂದು ನೋಡಿದವರಿಗೆಲ್ಲ ಹಸಿರು ಮೇಲೆ, ಕೆಂಪು ಕೆಳಗೆ ಕಂಡಿತು. ಪಾಪ, ಚಂದ್ರಾಮನೇ ಗಾಬರಿಯಲ್ಲಿ ಗುಂಡಿ ತಪ್ಪಿದನೆಂದು ಊರು ಹೇಳಿತು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಜೈನುದ್ದೀನ ಅಲ್ಲಿಂದ ಎದ್ದು ಹೋಗುತ್ತಿದ್ದ, ಆದರೆ ಬಾಯಿ ಬಿಡುವ ಧೈರ್ಯ ಮಾತ್ರ ಬರಲಿಲ್ಲ.

ಎರಡು ಸಾವಿರದ ಒಂದರಲ್ಲಿ ಪ್ರೆಸ್ಸಿಗೆ ಕಂಪ್ಯೂಟರ್ ಬಂತು. ಬಸಂತರಾಯರ ಮಗಳು ವಿದ್ಯಾವತಿ ಅದನ್ನು ಕಲಿತಿದ್ದಳು, ಆದರೆ ಯುಗಾದಿ ಕಳೆದರೆ ಅವಳು ಮುದ್ದೇಬಿಹಾಳದ ಗಂಡನ ಮನೆಗೆ ಹೋಗುವವಳು. ಅವಳ ಜಾಗಕ್ಕೆ ಬಸವನ ಬಾಗೇವಾಡಿಯಿಂದ ಒಬ್ಬನನ್ನು ಕರೆಸುವ ಮಾತು ನಡೆದಿತ್ತು. ವಿದ್ಯಾವತಿಯೇ ತಂದೆಗೆ ಗಂಟುಬಿದ್ದು, ಕೆಲಸ ತಪ್ಪಿ ಕೂತ ಚಂದ್ರಾಮ ಕಾಕಾನಿಗೆ ಒಂದು ಸಲ ಮಾಡಿ ನೋಡಲು ಕೊಡಿ ಎಂದಳು. ನಾಲ್ಕು ತಿಂಗಳಲ್ಲಿ ಅವನ ಎಡಗೈ ಕೀಬೋರ್ಡಿನ ಅಕ್ಷರಗಳನ್ನೆಲ್ಲ ಕಲಿತುಬಿಟ್ಟಿತು. ತೊಡಕಾದದ್ದು ಮೌಸಿನದು. ಬೆರಳಿಲ್ಲದ ಅಂಗೈಯಡಿ ಅದು ಜಾರಿ ಜಾರಿ ಹೋಗುತ್ತಿತ್ತು.

ಇದು ಗೊತ್ತಾದ ದಿನವೇ ಜೈನುದ್ದೀನ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿದ. ಹಿಂದೆ ಅವನು ಅಂಗಡಿಯಲ್ಲಿ ಹುಡುಗರಿಗೆ ವಿಡಿಯೋ ಗೇಮ್ ಇಟ್ಟಿದ್ದಾಗ ಸೊಲ್ಲಾಪುರದಿಂದ ತಂದ ಜಾಯ್‌ಸ್ಟಿಕ್. ಮೊರದಗಲ ಪೆಟ್ಟಿಗೆ, ಅದರ ಮೇಲೆ ಕೆಂಪು ಗುಂಡಿನ ಹಿಡಿಕೆ, ಪಕ್ಕದಲ್ಲಿ ಆರು ಗುಂಡಿ. ಹೆಬ್ಬೆರಳು ಮತ್ತು ಅಂಗೈ ಸಾಕು, ಹಿಡಿಕೆ ಹಿಡಿಯಬಹುದು. ಆದರೆ ಅದು ಟಿವಿ ಗೇಮಿನ ಸಾಮಾನು, ಕಂಪ್ಯೂಟರಿಗೆ ಕೂಡುವುದಿಲ್ಲ. ಜೈನುದ್ದೀನ ಅದರ ಪಿನ್ನು ಕತ್ತರಿಸಿದ. ವಿದ್ಯಾವತಿ ಕೊಟ್ಟ ಕೀಬೋರ್ಡನ್ನು ಬಿಚ್ಚಿ, ಬಲಗಡೆಯ ಅಂಕಿಗಳ ಕೀಲಿಗೆ ಹೋಗುವ ದಾರಿಗಳನ್ನು ಹುಡುಕಿ, ಹಿಡಿಕೆಯ ನಾಲ್ಕು ತಂತಿಗಳನ್ನು ಅಲ್ಲಿಗೆ ಬೆಸೆದ. ಇನ್ನೊಂದು ತಂತಿ ಕ್ಲಿಕ್ ಮಾಡುವ ಗುಂಡಿಗೆ. ಆ ಅಂಕಿಗಳಿಂದಲೇ ಪರದೆಯ ಬಾಣ ಓಡಾಡುವಂತೆ ವಿದ್ಯಾವತಿ ಕಂಪ್ಯೂಟರಿನಲ್ಲಿ ಹೊಂದಿಸಿದಳು. ಎಂಟು ದಿನ ಅವನು ಬೇರೆ ಕೆಲಸ ಮುಟ್ಟಲಿಲ್ಲ. ಕಳೆದ ಬೆರಳು ಕೊಡಲಾರ, ಕೆಲಸವನ್ನಾದರೂ ಕೊಡಬೇಕು ಎಂಬುದೊಂದೇ ಹಠ.

ಶನಿವಾರ ಬೆಳಿಗ್ಗೆ ಪರೀಕ್ಷೆ. ತಾಂಬಾದ ಒಂದು ಲಗ್ನಪತ್ರಿಕೆಯನ್ನು ಚಂದ್ರಾಮ ಒಬ್ಬನೇ ಮಾಡಿ ಮುಗಿಸಬೇಕು. ಬಸಂತರಾಯರು ಕುರ್ಚಿ ಎಳೆದು ಕೂತರು. ಚಂದ್ರಾಮ ಹಿಡಿಕೆಯನ್ನು ಮುಂದಕ್ಕೆ ನೂಕಿದ. ಪರದೆಯ ಬಾಣ ಮೇಲೆ ಹೋಗುವ ಬದಲು ಕೆಳಗಿಳಿಯಿತು. ತನ್ನತ್ತ ಎಳೆದ, ಮೇಲೇರಿತು.

"ಕಾಕಾ, ಇದು ಉಲ್ಟಾ ಹೊಂಟೈತಲ್ರಿ," ಎಂದಳು ವಿದ್ಯಾವತಿ.

ಪೆಟ್ಟಿಗೆಯನ್ನು ಬೋರಲು ಹಾಕಿಕೊಂಡು ತಾನು ಬೆಸುಗೆ ಹಾಕಿದ್ದು ಜೈನುದ್ದೀನನ ಕಣ್ಣಿಗೆ ಕಟ್ಟಿತು. ಮತ್ತೆ ಅದೇ ಕೈ, ಅದೇ ತಪ್ಪು.

ಬಸಂತರಾಯರು ಎದ್ದು ನಿಂತರು. "ಸಾಕು ಬಿಡವಾ. ಇದು ಸಾಮಾನಿನ ತಪ್ಪಲ್ಲ. ಅವತ್ತೂ ಇವಗ ಗುಂಡಿ ಗುರುತು ಸಿಗಲಿಲ್ಲ, ಇವತ್ತೂ ಇಲ್ಲ. ಬಾಗೇವಾಡಿಯಂವಗ ಬಾ ಅಂತ ಹೇಳ್ತೇನಿ."

ಚಂದ್ರಾಮ ತಲೆ ತಗ್ಗಿಸಿದ. ಅದನ್ನು ನೋಡಿ ಜೈನುದ್ದೀನನಿಗೆ ತಡೆಯಲಾಗಲಿಲ್ಲ.

"ಸಾವ್ಕಾರ್ರ, ಇಂವಾ ಗುಂಡಿ ತಪ್ಪಿಲ್ರಿ," ಎಂದ. "ಅವತ್ತು ಸ್ಟಾರ್ಟರ್ ಪೆಟ್ಟಿಗಿ ನಾನ ತಲಿಕೆಳಗ ಹಚ್ಚಿದ್ದೆ. ನೀವೆಲ್ಲಾ ದವಾಖಾನಿಗಿ ಹೋದ ಮ್ಯಾಲ ತಿರುವಿ ಹಚ್ಚಿದೆ. ಕಳ್ಳನಂಗ ಮುಚ್ಚಿಟ್ಟೆ. ಇವತ್ತಿಂದೂ ನಂದ ತಪ್ಪರಿ."

ಬಸಂತರಾಯರು ಮತ್ತೆ ಕುರ್ಚಿಗೆ ಕೂತರು. ಜೈನುದ್ದೀನ ಗೆಳೆಯನ ಮುಖ ನೋಡಲಾರದೆ ನೆಲ ನೋಡುತ್ತ ನಿಂತ.

"ನನಗ ಗೊತ್ತಿತ್ತಲೇ," ಎಂದ ಚಂದ್ರಾಮ ಮೆಲ್ಲಗೆ. "ದವಾಖಾನಿಯಿಂದ ಬಂದ ದಿನಾನ ಹಲಗಿ ನೋಡಿದ್ದೆ. ಹಳೇ ಸ್ಕ್ರೂದ ತೂತು ಒಂದ ಕಡಿ, ಪೆಟ್ಟಿಗಿ ಒಂದ ಕಡಿ."

"ಮತ್ತ ಯಾಕ ಸುಮ್ನಿದ್ದಿ?"

"ನೀನ ಬಂದು ಹೇಳ್ತಿ ಅಂತ ಕಾಯ್ದೆ. ಎರಡು ವರ್ಷ ಕಾಯ್ದೆ, ಜೈನೂ."

ಅಷ್ಟು ಕೇಳಿ ಜೈನುದ್ದೀನ ಅತ್ತುಬಿಟ್ಟ. ಐವತ್ತು ದಾಟಿದ ಗಂಡಸು, ವಿದ್ಯಾವತಿಯ ಎದುರಿಗೇ ಅತ್ತ. ಆಮೇಲೆ ಕಣ್ಣೊರೆಸಿ, ಕಿಸೆಯಿಂದ ಸ್ಕ್ರೂಡ್ರೈವರ್ ತೆಗೆದು ಪೆಟ್ಟಿಗೆಗೆ ಕೈ ಹಾಕಿದ. "ಅರ್ಧಾ ತಾಸು ಕೊಡ್ರಿ, ತಂತಿ ತಿರುವಿ ಕೊಡ್ತೇನಿ."

ಚಂದ್ರಾಮ ತನ್ನ ಮೊಂಡು ಅಂಗೈಯನ್ನು ಪೆಟ್ಟಿಗೆಯ ಮೇಲೆ ಒತ್ತಿ ಹಿಡಿದ.

"ಬ್ಯಾಡ. ಒಮ್ಮೆ ತಿರುವಿದ್ದು ಸಾಕು. ಇಪ್ಪತ್ತಾರು ವರ್ಷ ಮುಂದಿನ ಸಾಲು ಮ್ಯಾಲ ಕಟ್ಟಿದ ಕೈ ಇದು. ಮುಂದಕ್ಕ ನೂಕಿದ್ರ ಮುಂದಿನ ಸಾಲು, ಇದಕ್ಕ ಇದ ನೆಟ್ಟಗ."

ಹಿಡಿಕೆಯನ್ನು ಮುಂದಕ್ಕೆ ನೂಕಿದ. ಬಾಣ ಕೆಳಗಿನ ಸಾಲಿಗೆ ಇಳಿಯಿತು. ಅವನು ವಧುವಿನ ಹೆಸರು ಬರೆಯತೊಡಗಿದ. ಬಸಂತರಾಯರು ಮೂಗಿಗೆ ಕನ್ನಡಕ ಏರಿಸಿಕೊಂಡು ಒಂದೊಂದೇ ಅಕ್ಷರ ನೋಡುತ್ತ ಕೂತರು. ಪತ್ರಿಕೆ ಮುಗಿಯುವವರೆಗೂ ಅವರು ಏಳಲಿಲ್ಲ, ಬಾಗೇವಾಡಿಯವನ ಮಾತೂ ಎತ್ತಲಿಲ್ಲ; ಜೈನುದ್ದೀನನೂ ಸ್ಕ್ರೂಡ್ರೈವರ್ ಹಿಡಿದುಕೊಂಡೇ ನಿಂತಿದ್ದ.