ಇನ್ನಾಸಮ್ಮನ ಪಾಲಿನ ಗೋಡೆ

ಮತ್ತೆ ಕಾಣುತ್ತಿದೆಯಲ್ಲ, ಸಂತ ಅಂತೋಣಿಯವರ ಪ್ರತಿಮೆಯ ಹಿಂದಿನ ಗೋಡೆಯಲ್ಲಿ, ಪಾದದಿಂದ ಮೇಲಕ್ಕೆ ಒಂದು ಕರಿಗೆರೆ, ಇರುವೆ ಸಾಲಿರಬಹುದು, ಇರುವೆಯೇ ಆಗಿರಲಿ ದೇವರೇ, ಆದರೆ ಇರುವೆ ಹರಿದಾಡುತ್ತದೆ, ಇದು ಹರಿದಾಡುತ್ತಿಲ್ಲ, ಇದ್ದಲ್ಲೇ ಇದ್ದು ಉದ್ದವಾಗುತ್ತಿದೆ — ಇನ್ನಾಸಮ್ಮ ಜಪಸರ ಹಿಡಿದ ಕೈಯನ್ನು ಮಡಿಲಿಗೆ ಒತ್ತಿಕೊಂಡಳು, ಎಷ್ಟನೇ ಮಣಿಯಲ್ಲಿದ್ದೆ ಎಂಬುದೂ ಮರೆತುಹೋಯಿತು, ಸೋಮವಾರ ತಾನೇ ಕೈಯಾರೆ ಮುಚ್ಚಿದ ಬಿರುಕು ಅದು, ಹಳೇ ಸೀರೆಯ ಚಿಂದಿ ತುರುಕಿ, ಸುಣ್ಣಕ್ಕೆ ಬೆಲ್ಲದ ನೀರು ಬೆರೆಸಿ ಮೆತ್ತಿ, ಅಂಗೈಯಲ್ಲಿ ಉಜ್ಜಿ ಉಜ್ಜಿ ನುಣುಪು ಮಾಡಿದ್ದಳು, ಮಾರನೇ ದಿನ ಬೆಂಗಳೂರಿಂದ ಬಂದ ಇಂಜಿನಿಯರು ಆ ಗೋಡೆಯನ್ನು ತಟ್ಟಿ ನೋಡಿದ, ಪರವಾಗಿಲ್ಲ ಸ್ವಾಮಿಗಳೇ, ಎಲ್ಲಾದ್ರೂ ಬಿರುಕು ಕಂಡ್ರೆ ಹೇಳಿ, ಅವತ್ತೇ ಬೀಗ ಹಾಕಿಸ್ಬೇಕಾಗುತ್ತೆ, ಕೆಡವಿ ಹೊಸದು ಕಟ್ಟೋದೇ ಸರಿ, ಎಂದು ಪಾದ್ರಿಗಳಿಗೆ ಹೇಳಿ ಜೀಪು ಹತ್ತಿದ, ಆಗ ಅವಳಿಗೆ ಎಷ್ಟು ಹಿಗ್ಗು, ಡಾಕ್ಟರ ಕಣ್ಣಿಗೆ ಮಣ್ಣೆರಚಿ ಅಮ್ಮನನ್ನು ಮನೆಗೆ ಕರೆದು ತಂದ ಹಾಗೆ. ಈಗ ಅದೇ ಗೋಡೆಯ ಬುಡದಲ್ಲಿ ಜನ ಒರಗಿ ಕೂತಿದ್ದಾರೆ, ಹಬ್ಬದ ಜನ, ಹೊಸಕೋಟೆಯಿಂದ ಮೊದಲ ಬಸ್ಸಿಗೆ ಬಂದವರು, ಕಾಲಿಡಲು ಜಾಗವಿಲ್ಲ.

ಈ ಊರಲ್ಲಿ ಹೆಣ್ಣುಮಕ್ಕಳಿಗೆ ಹೊಲದಲ್ಲಿ ಪಾಲಿಲ್ಲ, ಮನೆಯಲ್ಲಿ ಪಾಲಿಲ್ಲ, ದೇವಾಲಯದ ಗೋಡೆಯಲ್ಲಿ ಮಾತ್ರ ಪಾಲಿದೆ, ಮದುವೆಯಾಗಿ ಹೊರಗೆ ಹೋದ ಒಬ್ಬೊಬ್ಬಳಿಗೂ ಎರಡೆರಡು ಮಾರು, ಹಬ್ಬದ ಹಿಂದಿನ ವಾರ ಬಂದು ಅವಳೇ ಸುಣ್ಣ ಹೊಡೆಯಬೇಕು, ಬೇರೆಯವರು ಮುಟ್ಟುವ ಹಾಗಿಲ್ಲ, ಅಮ್ಮನಿಗೆ ಎಣ್ಣೆನೀರು ಹಾಕೋದು ಅಂತ ಅದಕ್ಕೆ ಹೆಸರು, ಬಕೀಟು ಹಿಡಿದು ಬಂದವಳು ಗೋಡೆಗೆ ಕೆನ್ನೆಯಿಟ್ಟು ಹೇಗಿದ್ದೀಯವ್ವ ಅಂತ ಕೇಳಿಯೇ ಕೈ ಹಚ್ಚುವುದು, ಇನ್ನಾಸಮ್ಮನಿಗೆ ಅದು ಆಟದ ಮಾತಲ್ಲ, ಹೆತ್ತವಳನ್ನು ಪ್ಲೇಗು ತಿಂದಾಗ ಆರು ವರ್ಷ ಅವಳಿಗೆ, ಈ ಜಗಲಿಯ ಮೇಲೆ ಅಂಬಲಿ ಕುಡಿದು ಬೆಳೆದವಳು, ಇದೇ ನೆಲದಲ್ಲಿ ಮಂಡಿಯೂರಿ ತಾಳಿ ಕಟ್ಟಿಸಿಕೊಂಡವಳು, ಅಪ್ಪ ಸತ್ತ ವರ್ಷ ಬಾಣಂತನಕ್ಕೆ ಅಂತ ನೆಲಮಂಗಲದ ಕಡೆಯಿಂದ ಬಂದರೆ ಅಣ್ಣನ ಹೆಂಡತಿ ಲೂರ್ದಮ್ಮ ಹೊಸಲಲ್ಲೇ ನಿಂತುಕೊಂಡು, ಮನೇಲಿ ಜಾಗ ಎಲ್ಲೈತೆ ಹೇಳಮ್ಮ, ಅಂದಳು, ಅಣ್ಣ ಚೌರಪ್ಪ ಒಳಗೇ ಇದ್ದ, ಕೆಮ್ಮಿದ್ದು ಕೇಳಿಸಿತು, ಹೊರಗೆ ಬರಲಿಲ್ಲ, ಆ ಮಧ್ಯಾಹ್ನ ತುಂಬಿದ ಬಸಿರು ಹೊತ್ತು ಇಲ್ಲಿಗೆ ಬಂದು ಈ ಗೋಡೆಗೆ ಒರಗಿದಳು, ಬಿಸಿಲು ಕುಡಿದ ಗೋಡೆ ಬೆಚ್ಚಗಿತ್ತು, ಬೆನ್ನಿಗೆ ಯಾರೋ ಕೈಯಿಟ್ಟ ಹಾಗಿತ್ತು. ಅವತ್ತಿನಿಂದ ಇದೇ ತವರು. ಅಣ್ಣನ ಬೀದಿಗೆ ಕಾಲಿಟ್ಟಿಲ್ಲ, ವರ್ಷಕ್ಕೊಮ್ಮೆ ಬಸ್ಸಿಳಿದು ನೇರ ಇಲ್ಲಿಗೆ, ಎರಡು ಮಾರು ಸುಣ್ಣ, ಜಗಲಿಯಲ್ಲಿ ಊಟ, ಪೂಜೆ, ಮತ್ತೆ ಬಸ್ಸು, ಇದಕ್ಕೆ ಬೀಗ ಬಿದ್ದರೆ ಇನ್ನು ಯಾರನ್ನು ನೋಡಲು ಈ ಊರಿಗೆ ಬರಬೇಕು, ರಸ್ತೆ ಬದಿಯಲ್ಲಿ ಸಿಮೆಂಟಿನದು ಕಟ್ಟುತ್ತಾರಂತೆ, ಸಿಮೆಂಟಿಗೆ ಸುಣ್ಣ ಬೇಕಿಲ್ಲ, ಮಗಳೂ ಬೇಕಿಲ್ಲ.

ಗೆರೆ ಈಗ ಪ್ರತಿಮೆಯ ಸೊಂಟ ದಾಟಿದೆ, ಯಾರೂ ನೋಡುತ್ತಿಲ್ಲ, ಎಲ್ಲರ ಕಣ್ಣೂ ಪೀಠದ ಕಡೆ, ಮೊದಲೆಲ್ಲ ಸ್ವಾಮಿಗಳು ನಮಗೆ ಬೆನ್ನು ತಿರುಗಿಸಿ ಲತೀನು ಭಾಷೆಯಲ್ಲಿ ಓದುತ್ತಿದ್ದರು, ಒಂದೂ ತಿಳಿಯುತ್ತಿರಲಿಲ್ಲ, ಸುಮ್ಮನೆ ಅತ್ತು ಹಗುರಾಗಬಹುದಿತ್ತು, ಕನ್ನಡ ಬಂದು ಐದಾರು ವರ್ಷವಾಯಿತು, ಈಗ ಪ್ರತಿ ಮಾತೂ ಎದೆಗೇ ನಾಟುತ್ತದೆ, ಬಾಯಿಬಿಡದೆ ಮಾಡಿದ ಪಾಪಕ್ಕೂ ಆಗಲೇ ಕ್ಷಮೆ ಕೇಳಿಸಿಬಿಟ್ಟರು. ಏಳಲೇ, ಹೇಗೆ ಏಳುವುದು, ಎಡಕ್ಕೆ ಬಲಕ್ಕೆ ಮೊಣಕಾಲು, ಮುಂದೆ ಬೆನ್ನು, ಹಿಂದೆ ಮಕ್ಕಳು, ಮೂಟೆಯಲ್ಲಿ ಕಟ್ಟಿ ಕೂರಿಸಿದ ಹಾಗಿದೆ, ಎದ್ದು ಏನು ಹೇಳುವುದು, ನಾನೇ ಮುಚ್ಚಿದೆ ಅಂತಲೇ, ಪೂಜೆ ಮುಗಿಯಲಿ, ಎಲ್ಲ ಹೊರಗೆ ಹೋಗುತ್ತಾರೆ, ಆಮೇಲೆ ಸ್ವಾಮಿಗಳೊಬ್ಬರಿಗೇ ಹೇಳಿದರಾಯಿತು, ನೂರು ವರ್ಷ ನಿಂತವಳು ಅರ್ಧ ಗಂಟೆ ನಿಲ್ಲಲಾರಳೇ — ಆದರೆ ಗಂಟೆ ಇದೆಯಲ್ಲ. ಗಂಟೆ ತೂಗುವ ತೊಲೆ ಕೂತಿರುವುದು ಇದೇ ಗೋಡೆಯ ತಲೆಯ ಮೇಲೆ, ಪೂಜೆಗೆ ಮುಂಚೆ ಬರೀ ಮೂರು ಏಟು ಹೊಡೆದಾಗಲೇ ಸುಣ್ಣದ ಪುಡಿ ಉದುರಿತ್ತು, ಉದುರಿದ್ದು ಒಂದು ಮಗುವಿನ ಕುಲಾವಿಯ ಮೇಲೆ, ಆ ಮಗು ಲೂರ್ದಮ್ಮನ ಮಡಿಲಲ್ಲಿತ್ತು, ಇನ್ನೂ ತಿಂಗಳು ತುಂಬದ ಮೊಮ್ಮಗು, ಅವುಚಿಕೊಂಡು ಗೋಡೆಗೆ ಒರಗಿ ಕೂತಿದ್ದಾಳೆ ಮುದುಕಿ, ಜಾಗ ಎಲ್ಲೈತೆ ಅಂದ ಅದೇ ಬಾಯಿ ಈಗ ಲಾಲಿ ಹಾಡುತ್ತಿದೆ. ಸ್ವಾಮಿಗಳು ಪರಮಪ್ರಸಾದ ಎತ್ತಿದ ಕೂಡಲೇ ಹನ್ನೆರಡು ಏಟು, ಹಗ್ಗ ಹಿಡಿದು ಚೌರಪ್ಪ ಆಗಲೇ ನಿಂತಿದ್ದಾನೆ, ಅಣ್ಣನ ತೋಳಿನ ನರ ಉಬ್ಬಿದೆ.

ಎಲ್ಲರೂ ಮಂಡಿಯೂರಿದರು, ಇನ್ನಾಸಮ್ಮ ಎದ್ದು ನಿಂತಳು, ಕಾಲು ತಾನಾಗಿಯೇ ಎದ್ದಿತೋ ಏನೋ, ಲೇ ಕೂತ್ಕೊಳೇ, ಯಾರೋ ಸೆರಗು ಎಳೆದರು, ಯಾರದೋ ಬೆರಳು ತುಳಿದಳು, ಅಣ್ಣಾ ಗಂಟೆ ಹೊಡೀಬೇಡ, ಇದು ತನ್ನದೇ ದನಿಯೇ, ಇಪ್ಪತ್ತೆಂಟು ವರ್ಷದಿಂದ ಅಣ್ಣಾ ಎಂದು ಕರೆದಿರಲಿಲ್ಲ, ಚೌರಪ್ಪನ ಕೈ ಹಗ್ಗದಲ್ಲೇ ನಿಂತಿತು, ಸ್ವಾಮಿಗಳ ಕೈಯೂ ನಿಂತಿತು, ಅವಳು ಲೂರ್ದಮ್ಮನ ಮುಂದೆ ಬಗ್ಗಿದಳು, ಏಳಿ ಅತ್ಗೆ, ಮಗೂನ ಎತ್ಕೊಂಡು ಏಳಿ, ಇಲ್ಲಿ ಕೂರ್ಬೇಡಿ. ಲೂರ್ದಮ್ಮ ತಲೆಯೆತ್ತಿ ನೋಡಿದಳು, ಹೊಸಲಲ್ಲಿ ನಿಂತಾಗಿನ ಅದೇ ನೋಟ, ಯಾಕಮ್ಮ, ಇದು ನಿನ್ ಪಾಲು ಅಂತ ಏಳಿಸ್ತಾ ಇದೀಯಾ, ಹಬ್ಬದ ದಿನಾನೂ ಹಳೇದು ಬಿಡಲ್ವಾ. ಹೂಂ ಅತ್ಗೆ, ನನ್ ಪಾಲೇ, ನನ್ ಪಾಲೇ ಬಿರುಕು ಬಿಟ್ಟೈತೆ, ನಾನೇ ಮುಚ್ಚಿಟ್ಟಿದ್ದೆ, ಬೀಗ ಹಾಕ್ತಾರೆ ಅಂತ, ಏಳಿ. ಒಬ್ಬೊಬ್ಬರೇ ಏಳುತ್ತಿದ್ದರು, ಯಾರೋ ಬಾಗಿಲು ತೆರೆಯುತ್ತಿದ್ದರು, ಯಾರೋ ಅವಳನ್ನೂ ಕರೆಯುತ್ತಿದ್ದರು, ಬಾರೇ ಇನ್ನಾಸಿ ಈಚೆಗೆ, ಅಣ್ಣನ ದನಿಯೇ ಇರಬೇಕು, ಹೋಗಬೇಕು, ಹೋದರೆ ಮತ್ತೆ ಒಳಗೆ ಬರುವ ಹಾಗಿಲ್ಲ, ಕಾಲು ಬರುತ್ತಿಲ್ಲ, ಕಣ್ಣ ಮುಂದೆ ಗೆರೆ, ಅಂತೋಣಿಯವರ ಪಾದದಿಂದ ತೊಲೆಯವರೆಗೆ, ತನ್ನ ಅಂಗೈ ಗುರುತು ಮೂಡಿದ್ದ ಬಿಳಿ ಸುಣ್ಣದ ನಡುವೆ, ಗೆರೆ, ಕರೀ ಗೆರೆ, ಬಾಯಿ ಬಿಡುತ್ತಿದೆ —