ಬಾಣಂತಿ ಕೋಣೆಯ ಬೆಕ್ಕು

ಬೆಕ್ಕನ್ನು ಬುಟ್ಟಿಯಲ್ಲಿ ಹಾಕಿ, ಮೇಲೊಂದು ಹಳೇ ಸೀರೆ ಬಿಗಿದು, ಬೋನಾಳದಿಂದ ಸುರಪುರದ ದನದ ದವಾಖಾನೆಗೆ ಬಸ್ಸಿನಲ್ಲಿ ಬಂದಿಳಿದ ದೇವಕ್ಕನಿಗೆ ತನ್ನ ಮೇಲೆಯೇ ಸಿಟ್ಟು ಬಂದಿತ್ತು. ಹನ್ನೆರಡು ದಿನದ ಬಾಣಂತಿಯನ್ನು ತನ್ನ ಗಂಡ ಅಮರಪ್ಪನ ಕಾವಲಿಗೆ ಬಿಟ್ಟು ಬೆಕ್ಕಿನ ಆರೈಕೆಗೆ ಹೊರಟ ಹೆಂಗಸು ಇಡೀ ಜಿಲ್ಲೆಯಲ್ಲಿ ತಾನೊಬ್ಬಳೇ ಇರಬೇಕು! ಆದರೆ ಬೆಕ್ಕನ್ನು ಡಾಕ್ಟರಿಗೆ ತೋರಿಸಿಕೊಂಡು ಬಾ ಎಂದು ಮಗಳು ನಾಗರತ್ನಾ ಬೆಳಿಗ್ಗೆಯಿಂದ ಒಂದೇ ಹಟ ಹಿಡಿದು ಅತ್ತಿದ್ದಳು. ಬಾಣಂತಿ ಕಣ್ಣೀರು ಹಾಕುವುದು ಕೂಸಿಗೆ ಒಳ್ಳೆಯದಲ್ಲವೆಂದು ದೇವಕ್ಕ ಗೊಣಗುತ್ತಲೇ ಬಸ್ಸು ಹತ್ತಿದ್ದಳು.

ಬೆಕ್ಕಿನ ಹೆಸರು ಚಂದ್ರಿ. ಹೆರಿಗೆಯಾದಂದಿನಿಂದ ಅದು ಬಾಣಂತಿಯ ಹೊರಸಿನ ಕೆಳಗೇ ಠಿಕಾಣಿ ಹೂಡಿತ್ತು, ಓಡಿಸಿದರೂ ಜಗ್ಗುತ್ತಿರಲಿಲ್ಲ. ಅಂಥದ್ದು ಮೊನ್ನೆಯಿಂದ ಹೊರಗೆ ಬಿಡಿ ಎಂದು ಬಾಗಿಲು ಪರಚತೊಡಗಿತು. ಬಿಟ್ಟರೆ ಅಂಗಳದಲ್ಲಿ ಸೇಂದಿ ಕುಡಿದವರ ಹಾಗೆ ತೂರಾಡಿತು. ನಿನ್ನೆ ಜೊಲ್ಲು ಸುರಿಸುತ್ತ, ಬಾಯಿ ತೆರೆದು ಏದುಸಿರು ಬಿಟ್ಟಿತು. ಕೋಣೆಯಲ್ಲಿ ಅದಕ್ಕೆ ಏನೋ ಕಂಡಿದೆ ಎಂದು ದೇವಕ್ಕ ಹೆದರಿದಳು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು, ಕಿಟಕಿಯ ಸಂದಿಗೂ ಬಟ್ಟೆ ತುರುಕಿದಳು.

ಡಾಕ್ಟರ್ ಪರಿಮಳಾ ಇನ್ನೂ ಎಳೆಯ ಹುಡುಗಿ. ಚಂದ್ರಿಯ ಒಸಡು ನೋಡಿ ಮುಖ ಗಂಟಿಕ್ಕಿದಳು.

"ಯಾವಾಗಿಂದ ಹಿಂಗ ಬಾಯಿ ತಗದು ತೇಕಾಕತ್ತದ್ರಿ?"

"ನಿನ್ನಿಯಿಂದ್ರಿ."

"ನಿನ್ನೀನ ತರಬೇಕಿತ್ತವ್ವಾ. ಬೆಕ್ಕು ಹಿಂಗ ಉಸುರು ಬಿಟ್ರ ಒಂದ್ ತಾಸೂ ಕಾಯಬಾರದು. ಮನ್ಯಾಗ ಇಲಿ ಔಷಧ ಇಟ್ಟೀರೇನು?"

"ಇಲ್ರಿ. ತೊಗರಿ ಚೀಲದಾಗ ಗುಳಿಗಿ ಇಟ್ಟೀವಿ ಅಷ್ಟ. ಹುಳ ಬೀಳಬಾರದಂತ ನಮ್ಮ ಮನಿಯವರು ನಾಕ್ ದಿನದ ಹಿಂದ ತಂದಿಟ್ರು."

"ಚೀಲ ಎಲ್ಲಿಟ್ಟೀರಿ?"

"ಬಾಣಂತಿ ಕೋಣಿ ಬಾಜೂಕ್ರಿ. ನಡುವ ಒಂದು ಗಿಡ್ಡ ಗ್ವಾಡಿ ಅದ, ಮ್ಯಾಲಿನ ತನಕ ಇಲ್ಲ."

ಪರಿಮಳಾ ಬೆಕ್ಕಿನ ಮೇಲಿದ್ದ ಕೈ ತೆಗೆದಳು. "ಆ ಕೋಣ್ಯಾಗ ಬಳ್ಳೊಳ್ಳಿ ವಾಸನಿ ಬರ್ತದೇನ್ರಿ?"

ದೇವಕ್ಕನಿಗೆ ನಗು ಬಂತು. ಓದಿದವರಿಗೆ ಇಷ್ಟೂ ತಿಳಿಯಬಾರದೆ? "ಬಾಣಂತಿ ಕೋಣ್ಯಾಗ ಮತ್ಯಾವ ವಾಸನಿ ಬರಬೇಕ್ರೀ? ದಿನಾ ಒಂದ್ ಗಡ್ಡಿ ಬಳ್ಳೊಳ್ಳಿ ಸುಟ್ಟು ತಿನಸ್ತೀನಿ."

ಡಾಕ್ಟರು ನಗಲಿಲ್ಲ. "ಆ ಗುಳಿಗೀಲಿಂದ ವಿಷದ ಗ್ಯಾಸ್ ಬರ್ತದವ್ವಾ. ಅದರ ವಾಸನೀನೂ ಹಂಗ ಇರ್ತದ. ಈಗಿಂದೀಗ ಮನಿಗೆ ಫೋನ್ ಹಚ್ಚರಿ, ಒಳಗಿನವರನ್ನ ಹೊರಗ ತರಸ್ರಿ. ಅಂಬುಲೆನ್ಸ್‌ಗೆ ನಾ ಹೇಳ್ತೀನಿ."

ತಲೆ ತಿರುಗುತ್ತದವ್ವಾ ಎನ್ನುತ್ತ ಬೆಳಿಗ್ಗೆ ನಾಗರತ್ನಾ ಎರಡು ಸಲ ವಾಂತಿ ಮಾಡಿಕೊಂಡಿದ್ದಳು. ಥಂಡಿ ಹತ್ತಿರಬೇಕೆಂದು ಓಮಿನ ಕಷಾಯ ಕುಡಿಸಿ, ಕೌದಿ ಹೊದಿಸಿ, ಬಾಗಿಲು ಭದ್ರವಾಗಿ ಎಳೆದುಕೊಂಡು ಬಂದವಳು ತಾನೇ. ಎರಡು ಸಲ ತಪ್ಪು ನಂಬರು ಒತ್ತಿ, ಮೂರನೇ ಸಲಕ್ಕೆ ಅಮರಪ್ಪನಿಗೆ ಫೋನು ಹತ್ತಿತು.

"ಬಾಗಿಲಾ ತಗೀರಿ! ಇಬ್ಬರನ್ನೂ ಹೊರಗ ತರ್ರಿ!" ಎಂದು ದವಾಖಾನೆಯೆಲ್ಲ ತಿರುಗಿ ನೋಡುವಂತೆ ಚೀರಿದಳು.

"ಯಾಕ ಒದರ್ತಿ? ಗಾಳಿ ಬಡೀತದ, ಬಾಗಿಲಾ ತಗೀಬ್ಯಾಡ್ರಿ ಅಂದಾಕಿ ನೀನ ಅಲ್ಲೇನು?" ಅಮರಪ್ಪನ ದನಿಯಲ್ಲಿ ನಗುವಿತ್ತು. "ಆರಾಮ ಮಲಗ್ಯಾರ, ಮಲಗಲಿ ಬಿಡು. ಕೂಸು ಭಾಳ ಶ್ಯಾಣ್ಯಾ ಆಗ್ಯಾದ. ನೀ ಹೋದಾಗಿಂದ ಒಂದ್ ಸಲಾನೂ ಅತ್ತಿಲ್ಲ."